ಮಳೆಗಾಲವೂ ಹಿಂದಿನ ಗಾಲಿಗಳೂ

ಕಳೆದ ಜೂನ್ ತಿಂಗಳಲ್ಲಿ ಶಾಲೆ ಪ್ರಾರಂಭವಾಗಿ ಒಂದು ವಾರವೂ ಕಳೆದಿರಲಿಲ್ಲ. ಎಂಟನೆಯ ತರಗತಿಯಲ್ಲಿ ನಾನು ಸಂಧಿಪ್ರಕರಣವನ್ನು ಹೇಳುತ್ತಿದ್ದೆನು. ಹೊರಗೆ ಮಳೆಯು ಧಾರಾಕಾರವಾಗಿ ಸುರಿಯುತ್ತಿತ್ತು. ಆಗ ಕೊನೆಯ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, ಸಂಧಿಗೂ ತನಗೂ ಯಾವ ಸಂಬಂಧವೂ ಇಲ್ಲವೆಂಬಂತೆ, ಒಂದು ಪ್ರಶ್ನೆಯನ್ನು ಕೇಳಿದನು. ಅವನ ತಂದೆ ಜೋಗೇಶ್ವರಿಯಲ್ಲಿ ರಿಕ್ಷಾ ಓಡಿಸುವವರು. ಹಿಂದಿನ ದಿನ ಸಂಜೆ ಅವನನ್ನು ಕೂರಿಸಿಕೊಂಡು ಬರುತ್ತಿದ್ದಾಗ, ಒಂದು ತಿರುವಿನಲ್ಲಿ ರಿಕ್ಷಾದ ಹಿಂಭಾಗವು ಫಕ್ಕನೆ ಪಕ್ಕಕ್ಕೆ ಸರಿದು, ಇನ್ನೇನು ಬದಿಯ ಗೋಡೆಗೆ ಬಡಿಯಬೇಕು ಎನ್ನುವಷ್ಟರಲ್ಲಿ ನಿಂತಿತಂತೆ. “ತಲೆ ನೆಟ್ಟಗೆ ಹೋಗುತ್ತಿರುವಾಗ ಬಾಲ ಮಾತ್ರ ಏಕೆ ಪಕ್ಕಕ್ಕೆ ಹೋಯಿತು, ಸರ್?” ಎಂದು ಅವನು ಕೇಳಿದನು. ನಾನು ಕನ್ನಡ ಮಾಸ್ತರು; ವಿಜ್ಞಾನದ ಮೇಷ್ಟ್ರನ್ನು ಕೇಳು ಎಂದುಬಿಡಬಹುದಾಗಿತ್ತು. ಆದರೆ ಆ ಬಾಲವು ಪಕ್ಕಕ್ಕೆ ಸರಿಯುವ ಅನುಭವವು ನನಗೂ ಒಮ್ಮೆ ಆಗಿದ್ದುದರಿಂದ ಹಾಗೆ ಹೇಳಲು ಮನಸ್ಸು ಬರಲಿಲ್ಲ. ಅಂದು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೋಟಾರು ವಾಹನಗಳಲ್ಲಿ ಎಂಜಿನಿನ ಶಕ್ತಿಯು ಎಲ್ಲ ಗಾಲಿಗಳಿಗೂ ಹೋಗುವುದಿಲ್ಲ. ಕೆಲವು ವಾಹನಗಳಲ್ಲಿ ಅದು ಮುಂದಿನ ಗಾಲಿಗಳಿಗೆ ಹೋಗಿ ಗಾಡಿಯನ್ನು ಎಳೆಯುತ್ತದೆ. ಕೆಲವುಗಳಲ್ಲಿ ಹಿಂದಿನ ಗಾಲಿಗಳಿಗೆ ಹೋಗಿ ಗಾಡಿಯನ್ನು ನೂಕುತ್ತದೆ. ನಮ್ಮ ರಿಕ್ಷಾ ಎರಡನೆಯ ಜಾತಿಯದು. ಮುಂದಿನ ಒಂಟಿ ಗಾಲಿಗೆ ದಾರಿ ತೋರಿಸುವ ಕೆಲಸ, ಹಿಂದಿನ ಎರಡಕ್ಕೆ ನೂಕುವ ಕೆಲಸ. ಬೆಸ್ಟ್ ಬಸ್ಸು, ಲಾರಿ, ಟೆಂಪೊ, ನಿಮ್ಮಲ್ಲಿ ಕೆಲವರನ್ನು ಶಾಲೆಗೆ ತಂದು ಬಿಡುವ ಈಕೊ ವ್ಯಾನು, ಬೊಲೆರೊ, ಇವೆಲ್ಲವೂ ಹಿಂದಿನಿಂದ ನೂಕಿಸಿಕೊಳ್ಳುವ ಗಾಡಿಗಳೇ. ಹಿಂದೆ ಮುಂಬಯಿಯ ಗುರುತೇ ಆಗಿದ್ದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯೂ ಅಂತಹುದೇ. ಇಟಲಿಯ ಫಿಯೆಟ್ ಕಾರಿನ ಮಾದರಿಯಲ್ಲಿ ನಮ್ಮ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯವರು ಅದನ್ನು ತಯಾರಿಸುತ್ತಿದ್ದರು. ಎಂಜಿನು ಮುಂದೆ, ನೂಕುವ ಗಾಲಿಗಳು ಹಿಂದೆ. ನಡುವೆ ಗಾಡಿಯ ಹೊಟ್ಟೆಯ ಕೆಳಗೆ ತಿರುಗುವ ಒಂದು ಉದ್ದನೆಯ ಉಕ್ಕಿನ ದಂಡ. ಹಿಂದಿನ ಸೀಟಿನಲ್ಲಿ ನಡುವೆ ಕುಳಿತವರ ಕಾಲಿಗೆ ಅಡ್ಡವಾಗುತ್ತಿದ್ದ ದಿಬ್ಬವು ಆ ದಂಡಕ್ಕಾಗಿಯೇ ಇದ್ದುದು. 2023ರ ಅಕ್ಟೋಬರ್ ಕೊನೆಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯ ಆಯುಷ್ಯವು ಮುಗಿಯಿತು. ಹಿಂದಿನ ಗಾಲಿಯ ಪದ್ಧತಿಯೇನೂ ಮುಗಿದಿಲ್ಲ. ಈಚೆಗೆ ಬಂದಿರುವ ಕೆಲವು ವಿದ್ಯುತ್ ಕಾರುಗಳು ಮತ್ತೆ ಅದೇ ಪದ್ಧತಿಗೆ ಮರಳಿವೆ.

ಈಗ ಜಾರುವ ವಿಷಯ. ಒಂದು ಕಾರು ಎಷ್ಟೇ ದೊಡ್ಡದಾಗಿದ್ದರೂ ಅದರ ಒಂದೊಂದು ಟೈರು ನೆಲವನ್ನು ಮುಟ್ಟುವುದು ಹೆಚ್ಚುಕಡಮೆ ಒಂದು ಅಂಗೈಯಷ್ಟು ಅಗಲದಲ್ಲಿ ಮಾತ್ರ. ಗಾಡಿಯನ್ನು ಓಡಿಸುವುದು, ನಿಲ್ಲಿಸುವುದು, ತಿರುಗಿಸುವುದು, ಈ ಮೂರು ಕೆಲಸಗಳೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗತಕ್ಕವು. ಚಾಳಿನ ನಲ್ಲಿಯನ್ನು ನೆನೆಯಿರಿ. ಒಂದೇ ಕೊಳವೆಗೆ ಎರಡು ನಲ್ಲಿಗಳಿದ್ದರೆ, ಪಕ್ಕದ ಮನೆಯವರು ತಮ್ಮದನ್ನು ಪೂರ್ತಿ ತಿರುಗಿಸಿದೊಡನೆ ನಮ್ಮ ಕೊಡಕ್ಕೆ ಬೀಳುವ ನೀರು ಎಳೆಯಾಗುತ್ತದೆ. ಟೈರಿನ ಹಿಡಿತವೂ ಹಾಗೆಯೇ. ತಿರುವಿನಲ್ಲಿ ಹಿಂದಿನ ಗಾಲಿಗಳು ಗಾಡಿಯನ್ನು ಪಕ್ಕಕ್ಕೆ ಸರಿಯದಂತೆ ಹಿಡಿದಿಡಬೇಕು. ಅದೇ ಗಾಲಿಗಳು ಮುಂದಕ್ಕೆ ನೂಕಲೂ ಬೇಕು. ತಿರುವಿನ ನಡುವೆಯೇ ಚಾಲಕನು ಎಕ್ಸಲರೇಟರನ್ನು ಒತ್ತಿದರೆ ಹಿಡಿತವೆಲ್ಲವೂ ನೂಕುವುದಕ್ಕೆ ಖರ್ಚಾಗಿ, ಪಕ್ಕಕ್ಕೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಒಣ ರಸ್ತೆಯಲ್ಲಿ ಕೊಳವೆಯಲ್ಲಿ ಧಾರಾಳವಾಗಿ ನೀರಿರುವುದರಿಂದ ಈ ತಪ್ಪು ಗೊತ್ತಾಗುವುದಿಲ್ಲ. ಮಳೆಯಲ್ಲಿ ಹಿಡಿತವು ಸುಮಾರು ಅರ್ಧಕ್ಕೆ ಇಳಿಯುತ್ತದೆ; ನಿನ್ನೆಯವರೆಗೆ ನಡೆದ ತಪ್ಪು ಇಂದು ನಡೆಯುವುದಿಲ್ಲ. ಹುಡುಗನ ತಂದೆಯ ರಿಕ್ಷಾಕ್ಕೆ ಆದದ್ದು ಇದೇ.

ಇನ್ನೊಂದು ಕಾರಣವೂ ಉಂಟು. ಲೋಕಲ್ ರೈಲು ನಿಲ್ದಾಣದಲ್ಲಿ ನಿಲ್ಲುವಾಗ ನಿಂತವರೆಲ್ಲರೂ ಮುಂದಕ್ಕೆ ವಾಲುವುದನ್ನು ನೀವು ದಿನವೂ ನೋಡುತ್ತೀರಿ. ಕಾರಿನ ಭಾರವೂ ಬ್ರೇಕು ಹಾಕಿದಾಗ ಹಾಗೆಯೇ ಮುಂದಕ್ಕೆ ವಾಲುತ್ತದೆ. ಮುಂದಿನ ಗಾಲಿಗಳು ನೆಲಕ್ಕೆ ಒತ್ತಿಕೊಳ್ಳುತ್ತವೆ, ಹಿಂದಿನವು ಹಗುರವಾಗುತ್ತವೆ. ಹಗುರವಾದ ಗಾಲಿಗೆ ಹಿಡಿತವೂ ಕಡಮೆ. ಅದರಲ್ಲಿಯೂ ಎಂಜಿನು ಮುಂದಿರುವ ಖಾಲಿ ಗಾಡಿಯ ಬಾಲವು ಮೊದಲೇ ಹಗುರ. ಆದುದರಿಂದ ತಿರುವಿನೊಳಗೆ ಬ್ರೇಕನ್ನು ಬಲವಾಗಿ ತುಳಿಯುವುದೂ ಎಕ್ಸಲರೇಟರನ್ನು ಒತ್ತುವಷ್ಟೇ ಕೆಟ್ಟದ್ದು. ವೇಗವನ್ನು ತಿರುವಿಗೆ ಮೊದಲು, ಗಾಡಿಯು ನೆಟ್ಟಗಿರುವಾಗಲೇ ತಗ್ಗಿಸಿಕೊಳ್ಳತಕ್ಕದ್ದು. ತಿರುವಿನಲ್ಲಿ ಸಮವೇಗದಿಂದ ಹೋಗಿ, ಗಾಡಿಯು ಮತ್ತೆ ನೆಟ್ಟಗಾದ ಮೇಲೆ ಮೆಲ್ಲನೆ ವೇಗವನ್ನು ಹೆಚ್ಚಿಸತಕ್ಕದ್ದು.

ಮುಂದಿನ ಗಾಲಿಗಳು ಜಾರಿದರೆ ಗಾಡಿಯು ತಿರುಗಲೊಲ್ಲದೆ ನೆಟ್ಟಗೆ ಹೋಗುತ್ತದೆ. ಅದು ಅಪಾಯವಾದರೂ ಚಾಲಕನ ಕಣ್ಣೆದುರಿನ ಅಪಾಯ. ಹಿಂದಿನ ಗಾಲಿಗಳು ಜಾರಿದರೆ ಗಾಡಿಯು ಬುಗುರಿಯಂತೆ ತನ್ನನ್ನೇ ಸುತ್ತಲು ಹೊರಡುತ್ತದೆ. ಬಾಣದ ಹಿಂತುದಿಗೆ ಗರಿಯನ್ನು ಕಟ್ಟುವುದು ಏಕೆ? ಬಾಲವು ತಲೆಯ ಹಿಂದೆಯೇ ಬರಲಿ ಎಂದು. ಕಾರಿಗೆ ಹಿಂದಿನ ಟೈರುಗಳೇ ಗರಿ. ಹೊಸ ಟೈರು ಎರಡೇ ಇದ್ದರೆ ಅವನ್ನು ಮುಂದೆ ಹಾಕಿ, ಸವೆದವನ್ನು ಹಿಂದಕ್ಕೆ ತಳ್ಳುವವರು ಬಹಳ ಮಂದಿ. ಇದು ಗರಿಯನ್ನು ಕಿತ್ತ ಬಾಣ. ಒಳ್ಳೆಯ ಟೈರುಗಳು ಹಿಂದೆಯೇ ಇರಬೇಕು.

ನಾನು ಊರಿನಿಂದ ಮುಂಬಯಿಗೆ ಬಂದ ಹೊಸತರಲ್ಲಿ, 2012ರ ಮಳೆಗಾಲದಲ್ಲಿ, ನಮ್ಮ ಸೋದರಮಾವನವರ ಪದ್ಮಿನಿ ಟ್ಯಾಕ್ಸಿಯಲ್ಲಿ ಜೋಗೇಶ್ವರಿ-ವಿಕ್ರೋಲಿ ರಸ್ತೆಯಲ್ಲಿ ಹೋಗುತ್ತಿದ್ದೆನು. ರಾತ್ರಿ ಹನ್ನೊಂದು ಗಂಟೆ. ನಾನು ಅವರ ಪಕ್ಕದಲ್ಲಿ ಕುಳಿತಿದ್ದೆ. ಹಿಂದಿನ ಸೀಟು ಖಾಲಿ. ಪವಾಯಿ ಕೆರೆಯ ಕಡೆಗೆ ಹೋಗುವ ಒಂದು ಇಳಿಜಾರಿನ ತಿರುವಿನಲ್ಲಿ ಮಾವ ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸಿ ಕ್ಲಚ್ಚನ್ನು ಒಮ್ಮೆಗೇ ಬಿಟ್ಟರು. ಗಾಡಿಯ ಬಾಲವು ಎಡಕ್ಕೆ ಹೊರಟೇಹೋಯಿತು. ಕಿಟಕಿಯಿಂದ ನೋಡಿದರೆ ರಸ್ತೆಯು ನನ್ನ ಎದುರಿಗಿರದೆ ಪಕ್ಕದಲ್ಲಿತ್ತು. ಎದುರಿನಿಂದ ಬರುತ್ತಿದ್ದ ಲಾರಿಯ ದೀಪವನ್ನು ಕಂಡು “ಬ್ರೇಕ್, ಮಾವ, ಬ್ರೇಕ್!” ಎಂದು ನಾನು ಕೂಗಿದೆ. ಅವರು ಬ್ರೇಕಿನ ಹತ್ತಿರಕ್ಕೂ ಹೋಗಲಿಲ್ಲ. ಕ್ಲಚ್ಚನ್ನು ಮತ್ತೆ ಒತ್ತಿ, ಸ್ಟಿಯರಿಂಗನ್ನು ಎಡಕ್ಕೇ ತಿರುಗಿಸಿದರು. ಗಾಡಿಯು ನೆಟ್ಟಗಾಗತೊಡಗಿದೊಡನೆ ಅಷ್ಟೇ ಬೇಗ ಅದನ್ನು ನಡುವಿಗೆ ತಂದರು. ಇದೆಲ್ಲ ಎರಡು ಉಸಿರಿನಷ್ಟು ಕಾಲ. ಲಾರಿಯು ನೀರನ್ನು ಎರಚುತ್ತ ಹೊರಟುಹೋಯಿತು.

ಮುಂದೆ ಒಂದು ಕಡೆ ಗಾಡಿಯನ್ನು ನಿಲ್ಲಿಸಿ ಚಹಾ ಕುಡಿಯುವಾಗ ಅವರ ಕೈ ನಡುಗುತ್ತಿದ್ದುದನ್ನು ಕಂಡೆನು. “ತಪ್ಪು ನನ್ನದೇ ಮಾರಾಯ. ಗೇರು ಇಳಿಸಿ ಕ್ಲಚ್ಚು ಹಾಗೆ ಬಿಡಬಾರದಿತ್ತು. ಅದು ಹಿಂದಿನ ಗಾಲಿಗೆ ಮಾತ್ರ ಬ್ರೇಕು ಹಾಕಿದ ಹಾಗೆ” ಎಂದರು. ಆಮೇಲೆ, “ಬಾಲ ಎತ್ತ ಹೋಗ್ತದೋ ತಲೆಯನ್ನೂ ಅತ್ತ ತಿರುಗಿಸು. ಕಣ್ಣು ಮಾತ್ರ ನೀನು ಹೋಗಬೇಕಾದ ದಾರಿಯ ಮೇಲಿರಲಿ. ಲಾರಿಯನ್ನು ನೋಡಿದರೆ ಕೈ ಲಾರಿಯ ಕಡೆಗೇ ಹೋಗ್ತದೆ” ಎಂದು ಹೇಳಿದರು. ಮುಂದೆ ನಾನು ಗಾಡಿ ಕಲಿಯುವಾಗ ಯಾವ ಪುಸ್ತಕದಲ್ಲಿಯೂ ಇದಕ್ಕಿಂತ ಸ್ಪಷ್ಟವಾದ ಮಾತನ್ನು ಓದಲಿಲ್ಲ. ಸ್ಟಿಯರಿಂಗನ್ನು ಹಿಂದಕ್ಕೆ ತರುವಲ್ಲಿ ತಡಮಾಡಿದರೆ ಬಾಲವು ಎದುರು ದಿಕ್ಕಿಗೆ ಇನ್ನೂ ಜೋರಾಗಿ ಬೀಸುವುದೆಂಬುದನ್ನು ಮಾತ್ರ ಇದಕ್ಕೆ ಸೇರಿಸಬೇಕು. ರಿಕ್ಷಾಕ್ಕೆ ಮುಂದೆ ಒಂದೇ ಗಾಲಿಯಿರುವುದರಿಂದ ಹ್ಯಾಂಡಲನ್ನು ಫಕ್ಕನೆ ತಿರುಗಿಸಿದರೆ ಅದು ಮಗುಚುವ ಭಯವೂ ಉಂಟು. ಅಲ್ಲಿ ಮೊದಲೇ ನಿಧಾನವಾಗುವುದರ ಹೊರತು ಬೇರೆ ಉಪಾಯವಿಲ್ಲ.

ಬ್ರೇಕಿನ ವಿಷಯದಲ್ಲಿ ಹಳೆಯ ಗಾಡಿಗೂ ಹೊಸದಕ್ಕೂ ವ್ಯತ್ಯಾಸವಿದೆ. ಪದ್ಮಿನಿಯಂತಹ ಗಾಡಿಯಲ್ಲಿ ಬ್ರೇಕನ್ನು ಪೂರ್ತಿ ತುಳಿದರೆ ಗಾಲಿಗಳು ಸಿಕ್ಕಿಕೊಂಡು, ತಿರುಗದೆ ಜಾರುತ್ತಿದ್ದವು. ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸಬೇಕಾಗಿತ್ತು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಎಂಬ ಸಾಧನವು ಕಡ್ಡಾಯವಾಗಿದೆ. ಗಾಲಿಯು ಸಿಕ್ಕಿಕೊಳ್ಳುವ ಕ್ಷಣದಲ್ಲಿ ಅದು ತಾನೇ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಅಂತಹ ಗಾಡಿಯಲ್ಲಿ ಪೆಡಲು ಕಾಲಿನ ಕೆಳಗೆ ಅದುರಿದರೂ ಹೆದರದೆ ಒತ್ತಿಯೇ ಹಿಡಿದಿರಬೇಕು. ಆದರೆ ಯಾವ ಸಾಧನವೂ ಇಲ್ಲದ ಹಿಡಿತವನ್ನು ಹುಟ್ಟಿಸಲಾರದು. ಲೆಕ್ಕವನ್ನು ನೋಡಿ: ಗಂಟೆಗೆ 60 ಕಿಲೊಮೀಟರು ವೇಗದಲ್ಲಿ ಗಾಡಿಯು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿಯಿರಿ. ಆ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 20 ಮೀಟರು, ಒದ್ದೆ ರಸ್ತೆಯಲ್ಲಿ ಸುಮಾರು 35 ಮೀಟರು ಬೇಕು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಬ್ರೇಕಿನ ದೂರವು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ.

ಮಳೆಗಾಲದಲ್ಲಿ ಅತ್ಯಂತ ಜಾರುವ ದಿನವು ಜುಲೈ ತಿಂಗಳ ದೊಡ್ಡ ಮಳೆಯದಲ್ಲ, ಜೂನ್ ತಿಂಗಳ ಮೊದಲ ಹನಿಗಳದು. ಎಂಟು ತಿಂಗಳು ರಸ್ತೆಯ ಮೇಲೆ ಸೋರಿದ ಎಣ್ಣೆ, ಟೈರು ಸವೆದ ಪುಡಿ, ಧೂಳು, ಇವೆಲ್ಲವೂ ಮೊದಲ ಹನಿಯಲ್ಲಿ ಕಲಸಿ ಸಾಬೂನಿನಂತಾಗುತ್ತವೆ. ಮಳೆಯು ಚೆನ್ನಾಗಿ ಸುರಿದು ಅದನ್ನು ತೊಳೆದ ಮೇಲೆ ರಸ್ತೆಯು ಸ್ವಲ್ಪ ವಾಸಿ. ಕಾಮಗಾರಿ ನಡೆಯುವ ಕಡೆಗಳಲ್ಲಿ ಹಾಸುವ ಉಕ್ಕಿನ ಹಲಗೆಗಳೂ, ಬಿಳಿಯ ಪಟ್ಟೆಗಳೂ, ಸವೆದು ನುಣುಪಾದ ಪೇವರ್ ಬ್ಲಾಕುಗಳೂ ಮಾತ್ರ ಮಳೆಗಾಲವಿಡೀ ಜಾರುತ್ತವೆ. ಅವುಗಳ ಮೇಲೆ ವೇಗವನ್ನು ಹೆಚ್ಚಿಸುವುದಾಗಲಿ, ತಿರುಗುವುದಾಗಲಿ ಕೂಡದು. ಇನ್ನು, ರಸ್ತೆಯ ಮೇಲೆ ನೀರು ತೆಳುವಾಗಿ ನಿಂತಿದ್ದು ವೇಗವು ಹೆಚ್ಚಾದರೆ, ಟೈರಿನ ಗೀರುಗಳು ಆ ನೀರನ್ನು ಹೊರಕ್ಕೆ ಹಾಕಲಾರದೆ ಗಾಲಿಯು ನೆಲವನ್ನು ಬಿಟ್ಟು ನೀರಿನ ಮೇಲೆಯೇ ತೇಲುತ್ತದೆ. ಆಗ ಸ್ಟಿಯರಿಂಗು ಇದ್ದಕ್ಕಿದ್ದಂತೆ ಹಗುರವಾಗುವುದು. ಎಕ್ಸಲರೇಟರಿನಿಂದ ಮೆಲ್ಲನೆ ಕಾಲು ತೆಗೆದು, ಗಾಡಿಯನ್ನು ನೆಟ್ಟಗೆ ಹಿಡಿದು ಕಾಯಬೇಕು. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಮೆಯಾದರೆ ಕಾನೂನಿನಂತೆ ಆ ಟೈರು ಸತ್ತಂತೆ. ನನ್ನ ಅಭಿಪ್ರಾಯದಲ್ಲಿ ಮುಂಬಯಿಯ ಮಳೆಗೆ ಅದರ ಎರಡರಷ್ಟಾದರೂ ಉಳಿದಿರಬೇಕು.

ನಿಂತ ನೀರಿನ ವಿಷಯವು ಬೇರೆಯೇ. 2005ರ ಜುಲೈ 26ರಂದು ನಮಗೆ ಕೂಗಳತೆಯ ದೂರದ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆಯು ದಾಖಲಾಯಿತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ನೂರು ಮಿಲಿಮೀಟರು ಕೂಡ ಇರಲಿಲ್ಲ. ನೀವಾರೂ ಆಗ ಹುಟ್ಟಿರಲಿಲ್ಲ. ಮನೆಯಲ್ಲಿ ಹಿರಿಯರನ್ನು ಕೇಳಿದರೆ ಅಂದು ಎಲ್ಲಿ ಸಿಕ್ಕಿಬಿದ್ದಿದ್ದೆವೆಂದು ಒಬ್ಬೊಬ್ಬರೂ ಹೇಳುವರು. ಅಂದು ಸತ್ತವರಲ್ಲಿ, ಮುಚ್ಚಿದ ಕಾರುಗಳೊಳಗೆ ಕುಳಿತೇ ಪ್ರಾಣ ಬಿಟ್ಟವರೂ ಇದ್ದರು. ಮಳೆ ನಿಲ್ಲುವವರೆಗೆ ಕಾರಿನೊಳಗೇ ಇರೋಣವೆಂದು ಅವರು ಎಣಿಸಿದ್ದಿರಬೇಕು. ಯಾರಾದರೂ ಹಾಗೆಯೇ ಎಣಿಸುತ್ತಾರೆ.

ಆದರೆ ಲೆಕ್ಕವು ಹೀಗಿದೆ. ಒಂದು ಮೀಟರು ಅಗಲದ ಬಾಗಿಲಿನ ಮೇಲೆ ಅರ್ಧ ಮೀಟರು ಎತ್ತರಕ್ಕೆ ನೀರು ನಿಂತರೆ, ಸುಮಾರು 125 ಕಿಲೊಗ್ರಾಂ ಭಾರದಷ್ಟು ಒತ್ತಡವು ಅದನ್ನು ಹೊರಗಿನಿಂದ ಮುಚ್ಚಿ ಹಿಡಿಯುತ್ತದೆ. ವಿದ್ಯುತ್ತಿನಿಂದ ಇಳಿಯುವ ಗಾಜು ನೀರು ಹೊಕ್ಕಮೇಲೆ ಇಳಿಯದೆ ಹೋಗಬಹುದು. ಪದ್ಮಿನಿಯ ಗಾಜನ್ನು ಕೈಯಿಂದ ತಿರುಗಿಸಿ ಇಳಿಸಬಹುದಾಗಿತ್ತು. ನಾವು ಹಳತೆಂದು ನಗುತ್ತಿದ್ದ ಗುಣವದು. ಗಾಡಿಯು ತೇಲುವುದಕ್ಕೂ ಹೆಚ್ಚು ನೀರು ಬೇಡ. ಸಾಮಾನ್ಯ ಕಾರಿನ ತಳವು ಸುಮಾರು 5 ಚದರ ಮೀಟರು. ಆ ತಳದಿಂದ ಮೇಲಕ್ಕೆ ಏರುವ ಪ್ರತಿ 10 ಸೆಂಟಿಮೀಟರು ನೀರು 500 ಕಿಲೊಗ್ರಾಂ ಭಾರವನ್ನು ಎತ್ತಲು ಶಕ್ತವಾಗಿದೆ. ಪದ್ಮಿನಿಯ ತೂಕವೇ ಸುಮಾರು 900 ಕಿಲೊಗ್ರಾಂ. ನೀರು ಒಳಕ್ಕೆ ಸೋರುವ ಮೊದಲು ಎರಡು ಗೇಣು ಕೂಡ ಬೇಕಾಗಲಿಲ್ಲ! ಅದರಲ್ಲಿಯೂ ಮೊದಲು ಏಳುವುದು ಹಗುರವಾದ ಬಾಲ; ನೂಕುವ ಗಾಲಿಗಳಿರುವುದೂ ಅಲ್ಲಿಯೇ. ಚಾಲಕನು ಎಷ್ಟು ಒತ್ತಿದರೂ ಅವು ನೀರನ್ನು ಕಡೆಯುತ್ತವೆಯೇ ಹೊರತು ಗಾಡಿಯನ್ನು ನೂಕಲಾರವು. ಆದುದರಿಂದ ಅಂಧೇರಿ ಸಬ್‌ವೇಯಂತಹ ತಗ್ಗಿನಲ್ಲಿ ನೀರು ಕಂಡರೆ, ಮುಂದಿನ ಬಸ್ಸು ದಾಟಿತೆಂಬ ಧೈರ್ಯದಿಂದ ಇಳಿಯಬಾರದು; ಬಸ್ಸಿನ ಎತ್ತರವೂ ತೂಕವೂ ಬೇರೆ. ಇಳಿದು ಸಿಕ್ಕಿಕೊಂಡರೆ ಮೊದಲು ಕಿಟಕಿಯನ್ನು ಇಳಿಸಿ, ಕಿರಿಯರನ್ನು ಮೊದಲು ಹೊರಗೆ ಕಳುಹಿಸಿ, ಗಾಡಿಯನ್ನು ಬಿಟ್ಟು ಎತ್ತರಕ್ಕೆ ಹೋಗತಕ್ಕದ್ದು. ನಿಂತುಹೋದ ಎಂಜಿನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಅದು ನೀರನ್ನು ಒಳಕ್ಕೆ ಎಳೆದುಕೊಂಡು ಮುರಿಯುವ ಸಂಭವವಿದೆ.

ಕಡಮೆ ನೀರಿನಲ್ಲಿ ದಾಟಲೇಬೇಕಾದಾಗ ಒಂದನೆಯ ಗೇರಿನಲ್ಲಿ, ನಿಲ್ಲದೆ, ಅಲೆಯೇಳದಷ್ಟು ಮೆಲ್ಲಗೆ ಹೋಗಬೇಕು. ದಾಟಿದ ಮೇಲೆ ಬ್ರೇಕುಗಳು ಒದ್ದೆಯಾಗಿ ಹಿಡಿಯುವುದಿಲ್ಲ. ಮುಚ್ಚಿದ ಡ್ರಮ್ಮಿನ ಬ್ರೇಕುಗಳಂತೂ ಬಹಳ ಹೊತ್ತು ಹಾಗೆಯೇ ಉಳಿಯುತ್ತವೆ. ಹಿಂದೆ ಯಾರೂ ಇಲ್ಲದಿರುವುದನ್ನು ನೋಡಿಕೊಂಡು, ನಿಧಾನವಾಗಿ ಓಡುತ್ತಿರುವಾಗಲೇ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದರೆ ಆ ಬಿಸಿಗೆ ಅವು ಒಣಗುತ್ತವೆ. ನಮ್ಮ ಮಾವ ಪ್ರತಿ ಸಲವೂ ನೀರು ದಾಟಿದ ಮೇಲೆ ನೂರು ಮಾರು ದೂರ ಹೀಗೆ ಹೋಗಿ, ಒಮ್ಮೆ ಪೂರ್ತಿ ನಿಲ್ಲಿಸಿ ನೋಡಿ, ಆಮೇಲೆಯೇ ಮೀಟರಿನ ಕಡೆಗೆ ಕಣ್ಣು ಹಾಯಿಸುತ್ತಿದ್ದರು.