ತೆಗೆಯುವುದಕ್ಕೆ ಎಷ್ಟು ಮಾತು!

ಇಂಗ್ಲಿಷಿನ ‘ರಿಮೂವ್’ ಎಂಬ ಕ್ರಿಯಾಪದಕ್ಕೆ ಕಚೇರಿಯ ಕನ್ನಡದಲ್ಲಿ ಸಾಮಾನ್ಯವಾಗಿ ಸಿಗುವ ಅರ್ಥ ‘ತೆಗೆದುಹಾಕು’. ಅದು ತಪ್ಪಲ್ಲ, ಸಾಲದು, ಅಷ್ಟೆ.

ಸೇಡಂ ಸೀಮೆಯ ರೈತರ ಮಾತನ್ನೇ ನೋಡಿ. ತೊಗರಿ ಹೊಲದ ಕಳೆ ಕೀಳುತ್ತಾರೆ, ರಾಶಿಯ ಹೊಟ್ಟನ್ನು ಗಾಳಿಗೆ ತೂರುತ್ತಾರೆ, ಬೇಳೆಯನ್ನು ಮೊರದಲ್ಲಿ ಕೇರುತ್ತಾರೆ, ಹರಳನ್ನು ಆರಿಸುತ್ತಾರೆ, ಬಾವಿಯ ಹೂಳು ಎತ್ತುತ್ತಾರೆ. ಎಲ್ಲವೂ ತೆಗೆಯುವ ಕೆಲಸವೇ. ಆದರೆ ಏನನ್ನು, ಎಲ್ಲಿಂದ, ಹೇಗೆ ತೆಗೆದರೆಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ‘ಕಳೆ’ ಎಂಬುದಂತೂ ಬೇಡದ ಗಿಡಕ್ಕೂ ಹೆಸರು, ಅದನ್ನು ಇಲ್ಲವಾಗಿಸುವ ಕ್ರಿಯೆಗೂ ಹೆಸರು. ‘ತೆಗೆ’ಯಾದರೋ ಬಾಗಿಲ ಜೊತೆ ಸೇರಿದರೆ ತೆರೆಯುವುದು, ಜಗಳದ ಜೊತೆ ಸೇರಿದರೆ ಆರಂಭಿಸುವುದು!

ಇನ್ನು ‘ಎಬ್ಬಿಸು’. ಮಲಗಿದ ಮಗುವನ್ನು ಎಬ್ಬಿಸುತ್ತೇವೆ. ಶಹಾಬಾದಿನ ಗಣಿಯಲ್ಲಿ ಪದರಪದರವಾಗಿ ಮಲಗಿರುವ ಪರಸಿ ಕಲ್ಲನ್ನು ಎಬ್ಬಿಸುತ್ತಾರೆ. ನೆಲ ನಂಬಿದವರನ್ನು ಹೊರದೂಡಿದರೆ ಅದು ‘ಒಕ್ಕಲೆಬ್ಬಿಸು’ವುದು. ಕಡತಗಳು ಇದನ್ನೇ ‘ತೆರವುಗೊಳಿಸು’ ಎನ್ನುತ್ತವೆ. ತೆರವು ಎಂದರೆ ಬರಿದು. ಆ ಮಾತಿನಲ್ಲಿ ಜಾಗವಷ್ಟೇ ಕಾಣುತ್ತದೆ. ‘ಒಕ್ಕಲೆಬ್ಬಿಸು’ ಎಂದಾಗ ಒಕ್ಕಲು, ಅಂದರೆ ಅಲ್ಲಿ ಬಾಳಿದ ಮನೆತನ, ಮಾತಿನೊಳಗೇ ಉಳಿಯುತ್ತದೆ. ಸಮಾನಾರ್ಥಕ ಪದಗಳು ಎಂದೂ ಪೂರ್ತಿ ಸಮಾನವಲ್ಲ.

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಯಾವ ಮಾತು ಎಲ್ಲಿ ಒಪ್ಪುತ್ತದೆಂಬ ವಿವೇಚನೆ ನಡೆಸಿದ ಗ್ರಂಥ. ಅದೇ ನೆಲದ ರೈತರು, ಕಲ್ಲು ಕೆಲಸದವರು ಆ ವಿವೇಕವನ್ನು ನಿತ್ಯದ ಮಾತಿನಲ್ಲೇ ಕಾಪಾಡಿಕೊಂಡು ಬಂದಿದ್ದಾರೆ. ಅನುವಾದಕ್ಕೆ ಕೂತವರು ನಿಘಂಟಿನ ಜೊತೆಗೆ ಅವರನ್ನೂ ಕೇಳುವುದು ಒಳ್ಳೆಯದು.