ದುಡಿಯುವ ಸ್ನಾಯುವಿನ ಹಗೇವು

ಭಾರತ ಹುಣ್ಣಿಮೆ ಹತ್ತಿರವಾದರೆ ಹಲಗೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಿಂದ ಮೈಲಾರಲಿಂಗನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವವರುಂಟು, ನಡೆದೇ ಹೋಗುವವರೂ ಉಂಟು. ಬುತ್ತಿಯಲ್ಲಿ ಜೋಳದ ರೊಟ್ಟಿ, ದಾರಿಯಲ್ಲಿ ಮಂಡಕ್ಕಿ, ಬೆಲ್ಲ, ಬಾಳೆಹಣ್ಣು. ಇವೆಲ್ಲದರಲ್ಲೂ ಹೆಚ್ಚಿನ ಪಾಲು ಶರ್ಕರಪಿಷ್ಟ. ಈಚೆಗೆ ಅದರ ಹೆಸರೆತ್ತಿದರೆ ಹೆದರುವವರೇ ಹೆಚ್ಚು. ಕಸುವು ಬೇಕೆಂದರೆ ಪ್ರೋಟೀನ್ ತಿನ್ನಿ, ರೊಟ್ಟಿ-ಅನ್ನ ಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕುಳಿತು ಕೆಲಸ ಮಾಡುವವರು ಅನ್ನ ಇಳಿಸಿಕೊಂಡರೆ ಒಳ್ಳೆಯದೇ ಇರಬಹುದು. ಗಂಟೆಗಟ್ಟಲೆ ಓಡುವ, ಸೈಕಲ್ ತುಳಿಯುವ, ಮೂಟೆ ಹೊರುವ ಸ್ನಾಯುವಿನ ಲೆಕ್ಕ ಮಾತ್ರ ಬೇರೆ.

ತಿಂದ ಪಿಷ್ಟ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ, ಅದರಲ್ಲೊಂದು ಪಾಲು ಗ್ಲೈಕೋಜನ್ ರೂಪದಲ್ಲಿ ದಾಸ್ತಾನಾಗುತ್ತದೆ. ವಯಸ್ಕರ ಸ್ನಾಯುಗಳಲ್ಲಿ ಒಟ್ಟು 300ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಸ್ನಾಯುವಿನ ದಾಸ್ತಾನು ಆಯಾ ಮನೆಯ ಹಗೇವಿನಂತೆ, ಅದರ ಜೋಳ ಆ ಮನೆಗಷ್ಟೇ. ಗ್ಲೂಕೋಸನ್ನು ಮರಳಿ ರಕ್ತಕ್ಕೆ ಬಿಡುವ ಕಿಣ್ವ ಯಕೃತ್ತಿನಲ್ಲಿದೆ, ಸ್ನಾಯುವಿನಲ್ಲಿಲ್ಲ. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹಲ್ಟ್‌ಮನ್ ಇದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿದರು. ಒಂದೇ ಸೈಕಲ್ಲಿನ ಎರಡು ಬದಿಗೆ ಕುಳಿತು, ತಲಾ ಒಂದೊಂದು ಕಾಲಿನಿಂದ ಸುಸ್ತಾಗುವವರೆಗೆ ತುಳಿದು, ಸೂಜಿಯಿಂದ ತೊಡೆಯ ಚೂರು ತೆಗೆದು ನೋಡಿದರು. ಮೂರು ದಿನ ಪಿಷ್ಟದ ಊಟ ಮಾಡಿದ ಮೇಲೆ ದುಡಿದ ಕಾಲಿನ ಗ್ಲೈಕೋಜನ್ ದುಡಿಯದ ಕಾಲಿನದಕ್ಕಿಂತ ಸುಮಾರು ಎರಡು ಪಟ್ಟಾಗಿತ್ತು. ಮರುವರ್ಷದ ಇನ್ನೊಂದು ಪ್ರಯೋಗದಲ್ಲಿ ಪಿಷ್ಟ ಕಡಿಮೆ ತಿಂದವರು ಸರಾಸರಿ 57 ನಿಮಿಷ ತುಳಿದು ಕೈಚೆಲ್ಲಿದರೆ, ಹೆಚ್ಚು ತಿಂದಾಗ ಅವರೇ 167 ನಿಮಿಷ ತುಳಿದರು.

ದುಡಿಮೆಯ ನಡುವೆ ತಿಂದರೂ ಲಾಭವಿದೆ. 1986ರಲ್ಲಿ ಅಮೆರಿಕದ ಎಡ್ವರ್ಡ್ ಕೊಯ್ಲ್ ತಂಡದ ಪ್ರಯೋಗದಲ್ಲಿ ಶರ್ಕರಪಿಷ್ಟವಿಲ್ಲದ, ರುಚಿಗಷ್ಟೇ ಸಿಹಿಯಾದ ನೀರು ಕುಡಿದ ಸೈಕಲ್ ಸವಾರರು ಮೂರು ಗಂಟೆಗೆ ಸೋತರು, ಶರ್ಕರಪಿಷ್ಟ ಕುಡಿದಾಗ ನಾಲ್ಕು ಗಂಟೆ ನಿಂತರು. ಸ್ನಾಯುವಿನ ಗ್ಲೈಕೋಜನ್ ಎರಡೂ ಸಲ ಒಂದೇ ವೇಗದಲ್ಲಿ ಖರ್ಚಾಗಿತ್ತು. ರಕ್ತದ ಗ್ಲೂಕೋಸ್ ಕುಸಿಯದಿದ್ದುದೇ ಆ ಹೆಚ್ಚಿನ ಒಂದು ಗಂಟೆಯನ್ನು ಕೊಟ್ಟಿತು. ಗ್ಲೂಕೋಸ್ ಒಂದನ್ನೇ ಕೊಟ್ಟರೆ ದೇಹ ಗಂಟೆಗೆ ಸುಮಾರು 60 ಗ್ರಾಂ ಬಳಸಬಲ್ಲದು, ಫ್ರಕ್ಟೋಸ್ ಕೂಡಿದರೆ ಬೇರೆ ದಾರಿಯಿಂದ ಇನ್ನಷ್ಟು. ಬೆಲ್ಲದ ಸಕ್ಕರೆಯಲ್ಲಿ ಎರಡೂ ಇವೆ, ಹಾಗಾಗಿ ಬೆಲ್ಲದ ಪಾನಕವನ್ನು ಹಳೆಯ ರೂಢಿಯೆಂದು ತಳ್ಳಿಹಾಕುವಂತಿಲ್ಲ.

ಮೈಯಲ್ಲಿ ಬೇಕಾದಷ್ಟು ಕೊಬ್ಬಿದೆ, ಅದೇ ಸಾಲದೇ ಎಂಬುದು ನ್ಯಾಯವಾದ ಪ್ರಶ್ನೆ. ನಿಧಾನದ ನಡಿಗೆಗೆ ಬಹುಮಟ್ಟಿಗೆ ಸಾಕು. ವೇಗ ಏರಿದಾಗ ಕೊಬ್ಬು ಅಷ್ಟು ಬೇಗ ಶಕ್ತಿ ಕೊಡಲಾರದು, ಅಷ್ಟೇ ಶಕ್ತಿಗೆ ಆಮ್ಲಜನಕವನ್ನೂ ಹೆಚ್ಚು ಕೇಳುತ್ತದೆ. ಪಿಷ್ಟ ಬಿಟ್ಟು ಮೂರು ವಾರ ಕೊಬ್ಬನ್ನೇ ನೆಚ್ಚಿದ ವೇಗನಡಿಗೆಯ ಕ್ರೀಡಾಪಟುಗಳ ಸಾಧನೆ ಸುಧಾರಿಸಲಿಲ್ಲ ಎಂದು ಲೂಯಿಸ್ ಬರ್ಕ್ ತಂಡ 2017ರಲ್ಲಿ ವರದಿ ಮಾಡಿತು. ಬರೀ ಮೇವು ತಿಂದು ಎತ್ತು ದಿನವಿಡೀ ಎಳೆಯುವುದಿಲ್ಲವೇ ಎಂದೂ ಕೇಳಬಹುದು. ಎತ್ತಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿ ಕೊಡುವ ಆಮ್ಲಗಳಲ್ಲೊಂದರಿಂದ ಅದರ ಯಕೃತ್ತು ಗ್ಲೂಕೋಸ್ ತಯಾರಿಸುತ್ತಲೇ ಇರುತ್ತದೆ. ಮನುಷ್ಯರ ಹೊಟ್ಟೆಗೆ ಆ ಏರ್ಪಾಡಿಲ್ಲ.

ದುಡಿಮೆ ಮುಗಿದ ಕೂಡಲೇ ಸ್ನಾಯು ಗ್ಲೂಕೋಸನ್ನು ಬೇಗ ಹೀರಿಕೊಳ್ಳುತ್ತದೆ. ಸಂಕುಚನವೇ ಗ್ಲೂಕೋಸ್ ಒಳತರುವ ಪ್ರೋಟೀನುಗಳನ್ನು ಜೀವಕೋಶದ ಅಂಚಿಗೆ ತಂದಿರುತ್ತದೆ. ಎರಡು ಗಂಟೆ ತಡಮಾಡಿ ತಿಂದರೆ ಮೊದಮೊದಲು ಗ್ಲೈಕೋಜನ್ ತುಂಬುವ ವೇಗ ತಗ್ಗುತ್ತದೆ ಎಂದು ಜಾನ್ ಐವಿ 1988ರಲ್ಲಿ ತೋರಿಸಿದರು. ಮರುದಿನ ಬಿಡುವಿದ್ದರೆ ಈ ಅವಸರ ಬೇಕಿಲ್ಲ, ದಿನದ ಊಟವೇ ತುಂಬಿಕೊಡುತ್ತದೆ. ಸವೆದ ಸ್ನಾಯುವನ್ನು ಕಟ್ಟುವುದು ಪ್ರೋಟೀನಿನ ಕೆಲಸ. ಅದಕ್ಕೆ ಬೇಳೆ, ಶೇಂಗಾ, ಮೊಟ್ಟೆ, ಹಾಲು ಬೇಕೇ ಬೇಕು, ಬೆಲ್ಲ ಅವುಗಳ ಬದಲಿಯಲ್ಲ.

ಆದ್ದರಿಂದ ತಟ್ಟೆಯನ್ನು ದುಡಿಮೆಗೆ ತಕ್ಕಂತೆ ಅಳೆಯಬೇಕು. ಒಂದು ಗಂಟೆಯೊಳಗಿನ ನಡಿಗೆಗೆ ದಾರಿಯಲ್ಲಿ ಸಿಹಿ ಬೇಡ. ಒಂದೂವರೆ ಗಂಟೆ ಮೀರಿದ ಬಿರುಸಿನ ಓಟಕ್ಕೆ, ಸೈಕಲ್ ಸವಾರಿಗೆ ಬೇಕು. ಸಕ್ಕರೆ ಕಾಯಿಲೆ ಇದ್ದವರು ಮೊದಲು ವೈದ್ಯರನ್ನು ಕೇಳಲಿ. ಉಳಿದವರು, ಬೆವರು ಸುರಿಸಿ ದುಡಿದ ದಿನ ರೊಟ್ಟಿಗೆ ಹೆದರದೆ ಹೊಟ್ಟೆ ತುಂಬ ಊಟ ಮಾಡಿ.