ತುರಿಕೆ, ಇಸುಬು, ಅಲರ್ಜಿ: ಟ್ಯೂಬ್ ಹಚ್ಚುವ ಮೊದಲು ತಿಳಿಯಬೇಕಾದದ್ದು

"ಕೈ ಸ್ವಲ್ಪ ತುರಿಸ್ತದೆ, ಅಷ್ಟೇ. ಡಾಕ್ಟರ್ ಹತ್ರ ಹೋದ್ರೆ ಒಂದು ದಿನದ ಸಂಬಳ ಹೋಗ್ತದೆ." ಗಲ್ಫ್‌ನಲ್ಲಿ ಸಿಮೆಂಟ್, ಟೈಲ್ಸ್, ಕ್ಲೀನಿಂಗ್, ಹೋಟೆಲ್ ಕೆಲಸ ಮಾಡುವ ನಮ್ಮವರು ಹೇಳುವ ಮಾತಿದು. ಆದರೆ ಅದೇ ಕೈ ಬಿರಿದು, ನೀರು ಒಸರಿ, ಕರಣೆ ಹಿಡಿಯಲೂ ಆಗದಿದ್ದಾಗ ಹೋಗುವುದು ಒಂದು ದಿನದ ಸಂಬಳ ಮಾತ್ರ ಅಲ್ಲ. ಅತ್ತ ಊರಿನಿಂದ ಫೋನ್: "ರೀ, ಮಗೂಗೆ ಮತ್ತೆ ಮೊಣಕೈ ಸಂದಿಯಲ್ಲಿ ಎದ್ದಿದೆ. ಹೋದ ಸಲ ತಂದ ಟ್ಯೂಬ್ ಮುಗೀತು, ಯಾರ ಕೈಲಾದ್ರೂ ಇನ್ನೊಂದು ಕಳಿಸ್ತೀರಾ?" ಕಳಿಸುವ ಮೊದಲು ಇದನ್ನು ಓದಿ.

ಎಲ್ಲ ತುರಿಕೆಯೂ ಒಂದೇ ಅಲ್ಲ

ಇಸುಬು (ಎಕ್ಸಿಮಾ): ಚರ್ಮ ಒಣಗಿ, ಕೆಂಪಾಗಿ ಅಥವಾ ಕಪ್ಪಾಗಿ, ಒರಟಾಗುತ್ತದೆ. ಮಕ್ಕಳಿಗೆ ಕೆನ್ನೆ, ಮೊಣಕೈ ಮತ್ತು ಮೊಣಕಾಲಿನ ಸಂದಿಯಲ್ಲಿ ಹೆಚ್ಚು. ದೊಡ್ಡವರಿಗೆ ಕೈಯಲ್ಲಿ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಆಸ್ತಮಾ, ಸೀನು, ಅಲರ್ಜಿ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ. ಇದು ಅಂಟುರೋಗವಲ್ಲ. ಇಸುಬು ಇದೆ ಅಂತ ರೂಮಿನವರನ್ನು ದೂರ ಇಡಬೇಡಿ, ಮಗುವನ್ನು ಶಾಲೆ ಬಿಡಿಸಬೇಡಿ.

ಗಜಕರ್ಣ: ಇದು ಫಂಗಸ್. ಉಂಗುರದ ಹಾಗೆ ಹರಡುತ್ತದೆ, ಅಂಚು ಎದ್ದಿರುತ್ತದೆ, ನಡುವೆ ಚರ್ಮ ತಿಳಿಯಾಗಿರುತ್ತದೆ. ತೊಡೆ ಸಂದಿ, ಸೊಂಟ, ಬೆವರು ನಿಲ್ಲುವ ಕಡೆ ಹೆಚ್ಚು. ಟವೆಲ್, ಒಳಉಡುಪು ಹಂಚಿಕೊಂಡರೆ ಇನ್ನೊಬ್ಬರಿಗೂ ಬರುತ್ತದೆ.

ತುರಿಕಜ್ಜಿ: ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ ಬರುವುದು. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ಜನನಾಂಗದ ಹತ್ತಿರ ಗುಳ್ಳೆ. ರಾತ್ರಿ ತುರಿಕೆ ವಿಪರೀತ. ರೂಮಿನಲ್ಲಿ ಇನ್ನಿಬ್ಬರಿಗೂ ತುರಿಸ್ತಾ ಇದ್ದರೆ ಇದರ ಅನುಮಾನ ಪಡಿ. ಡಾಕ್ಟರ್ ಸಾಮಾನ್ಯವಾಗಿ 5% ಪರ್ಮೆಥ್ರಿನ್ ಕ್ರೀಮ್ ಕೊಡುತ್ತಾರೆ. ದೊಡ್ಡವರು ಕುತ್ತಿಗೆಯಿಂದ ಕಾಲಿನವರೆಗೆ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯಬೇಕು, ಒಂದು ವಾರದ ನಂತರ ಮತ್ತೆ ಹಚ್ಚಬೇಕು. ರೂಮಿನ ಎಲ್ಲರೂ ಒಂದೇ ದಿನ ಹಚ್ಚದಿದ್ದರೆ ಪ್ರಯೋಜನವಿಲ್ಲ, ಸುತ್ತಿ ಸುತ್ತಿ ಬರುತ್ತದೆ. ಬಟ್ಟೆ, ಬೆಡ್‌ಶೀಟ್ ಬಿಸಿ ನೀರಲ್ಲಿ ಒಗೆಯಿರಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕನಿಷ್ಠ ಮೂರು ದಿನ ಇಡಿ.

ಆ ಟ್ಯೂಬಿನಲ್ಲಿ ಏನಿದೆ?

ಊರಿನ ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಏನಾದ್ರೂ ಕೊಡಿ" ಅಂದರೆ ಸಿಗುವ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಫಂಗಸ್ ಔಷಧ ಮೂರೂ ಬೆರೆತಿರುತ್ತವೆ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಅಂತ ಬರೆದಿದ್ದರೆ ಅದು ಸ್ಟೀರಾಯ್ಡ್. ಕೆಲವು ಬಿಳುಪು ಮಾಡುವ ಕ್ರೀಮುಗಳಲ್ಲೂ ಇದು ಇರುತ್ತದೆ.

ಸ್ಟೀರಾಯ್ಡ್ ವಿಷವಲ್ಲ. ಡಾಕ್ಟರ್ ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಇಸುಬಿಗೆ ಒಳ್ಳೆಯ ಔಷಧ. ಹೆದರಿ ಹಚ್ಚದೆ ಬಿಡುವುದೂ ತಪ್ಪು. ಆದರೆ ಗಜಕರ್ಣಕ್ಕೆ ಹಚ್ಚಿದರೆ ಎರಡು ದಿನ ತುರಿಕೆ ನಿಂತಂತೆ ಆಗುತ್ತದೆ, ಒಳಗೊಳಗೇ ಫಂಗಸ್ ಹರಡುತ್ತದೆ. ಮುಖಕ್ಕೆ, ತೊಡೆ ಸಂದಿಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. ಮಕ್ಕಳ ಚರ್ಮ ತೆಳು, ಔಷಧ ಬೇಗ ಒಳಗೆ ಹೋಗುತ್ತದೆ. ಆದ್ದರಿಂದ ಅಪ್ಪನ ಟ್ಯೂಬ್ ಮಗುವಿಗೆ ಬೇಡ.

ಅಳತೆ ಹೀಗೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ. ಅದು ಬೆರಳು ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು.

ದಿನದ ಆರೈಕೆ

ಇಸುಬಿಗೆ ಅರ್ಧ ಚಿಕಿತ್ಸೆ ಎಂದರೆ ಚರ್ಮ ಒಣಗದಂತೆ ನೋಡಿಕೊಳ್ಳುವುದು. ಹಗಲೆಲ್ಲ ಬಿಸಿಲು, ರಾತ್ರಿಯೆಲ್ಲ ಎಸಿ: ಎರಡೂ ಚರ್ಮವನ್ನು ಒಣಗಿಸುತ್ತವೆ.

ಬೇಸಿಗೆಯಲ್ಲಿ ಇಲ್ಲಿ ಟೆರೇಸ್ ಟ್ಯಾಂಕಿನ ನೀರು ನಲ್ಲಿಯಲ್ಲೇ ಸುಡುತ್ತದೆ. ಬೆಳಿಗ್ಗೆಯೇ ಬಕೆಟ್‌ನಲ್ಲಿ ಹಿಡಿದು ರೂಮಿನಲ್ಲಿಟ್ಟು, ಆರಿದ ಮೇಲೆ ಸ್ನಾನ ಮಾಡಿ. ಹತ್ತು ನಿಮಿಷ ಸಾಕು. ಘಮಘಮ ಸೋಪು ಬೇಡ. ಉಜ್ಜದೆ, ಟವೆಲ್ ಒತ್ತಿ ನೀರು ತೆಗೆಯಿರಿ. ಮೈ ಇನ್ನೂ ಹಸಿ ಇರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ವ್ಯಾಸಲೀನ್ ಹಚ್ಚಿ. ದುಬಾರಿ ಬ್ರ್ಯಾಂಡ್ ಬೇಕಿಲ್ಲ. ಶುದ್ಧ ಕೊಬ್ಬರಿ ಎಣ್ಣೆಯೂ ಹಲವರಿಗೆ ಒಗ್ಗುತ್ತದೆ. ನಿಂಬೆರಸ, ಡೆಟಾಲ್, ಬೆಳ್ಳುಳ್ಳಿ ಖಂಡಿತ ಬೇಡ, ಸುಟ್ಟು ಗಾಯವಾಗುತ್ತದೆ. ವ್ಯಾಸಲೀನ್‌ನಂಥ ಜಿಡ್ಡು ಅಂಟಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಲೆ ಮತ್ತು ಸಿಗರೇಟಿನ ಬಳಿ ಜಾಗ್ರತೆ.

ಕೆಲಸದ ಜಾಗದಲ್ಲಿ

ಹಸಿ ಸಿಮೆಂಟ್ ಸುಣ್ಣದ ಹಾಗೆ ಚರ್ಮವನ್ನು ಸುಡುತ್ತದೆ. ಅದರಲ್ಲಿರುವ ಕ್ರೋಮಿಯಂನಿಂದ ಅಲರ್ಜಿಯೂ ಬರಬಹುದು. ಒಮ್ಮೆ ಬಂದರೆ ಆಮೇಲೆ ಸ್ವಲ್ಪ ತಾಗಿದರೂ ಏಳುತ್ತದೆ. ಗ್ಲೌಸ್ ಒಳಗೆ ಸಿಮೆಂಟ್ ಹೋದರೆ ಹಾಕದಿರುವುದಕ್ಕಿಂತ ಕಷ್ಟ. ತಕ್ಷಣ ತೆಗೆದು, ಕೈ ತೊಳೆದು, ಬೇರೆ ಗ್ಲೌಸ್ ಹಾಕಿ. ಒದ್ದೆಯಾದ ಪ್ಯಾಂಟು, ಬೂಟು ಬದಲಿಸಿ. ಕೈಯನ್ನು ಥಿನ್ನರ್, ಪೆಟ್ರೋಲ್‌ನಿಂದ ತೊಳೆಯಬೇಡಿ. ಕ್ಲೀನಿಂಗ್ ಕೆಲಸದವರು ರಬ್ಬರ್ ಗ್ಲೌಸ್ ಒಳಗೆ ತೆಳು ಹತ್ತಿ ಗ್ಲೌಸ್ ಹಾಕಿ. ರಬ್ಬರೇ ಆಗದಿದ್ದರೆ ಬೇರೆ ಬಗೆಯ ಗ್ಲೌಸ್ ಬಗ್ಗೆ ಡಾಕ್ಟರನ್ನು ಕೇಳಿ.

ರಜೆಯಲ್ಲಿ ಊರಿಗೆ ಹೋದಾಗ ಕೈ ವಾಸಿಯಾಗಿ, ವಾಪಸ್ ಬಂದು ಕೆಲಸ ಹಿಡಿದ ಮೇಲೆ ಮತ್ತೆ ಎದ್ದರೆ ಅದು ಕೆಲಸದಿಂದ ಬಂದದ್ದು ಎನ್ನಲು ಬಲವಾದ ಸೂಚನೆ. ಡಾಕ್ಟರಿಗೆ ಇದನ್ನು ಹೇಳಿ, ಮುಟ್ಟುವ ವಸ್ತುಗಳ ಡಬ್ಬದ ಫೋಟೋ ತೋರಿಸಿ. ಪ್ಯಾಚ್ ಟೆಸ್ಟ್ ಇದ್ದರೆ ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುತ್ತಾರೆ, ಮತ್ತೆ ಎರಡು ದಿನ ಬಿಟ್ಟು ಕರೆಯುತ್ತಾರೆ. ಆ ದಿನಗಳಲ್ಲಿ ಬೆನ್ನು ಒದ್ದೆಯಾಗಬಾರದು. ಡಾಕ್ಟರ್ ಚೀಟಿಯ ಒಂದು ಪ್ರತಿ ಸೂಪರ್‌ವೈಸರ್‌ಗೆ ಕೊಡಿ, ಮೂಲ ಚೀಟಿ ನಿಮ್ಮ ಹತ್ತಿರವೇ ಇರಲಿ.

ತುರಿಕೆ ಮಾತ್ರೆಗಳು ನಿದ್ದೆ ತರುತ್ತವೆ. ತಿಂದು ಗಾಡಿ ಓಡಿಸಬೇಡಿ, ಎತ್ತರಕ್ಕೆ ಹತ್ತಬೇಡಿ.

ಊರಿನ ಮನೆಗೆ ಹೇಳಬೇಕಾದ್ದು

ಮಗುವಿನ ಉಗುರು ಕತ್ತರಿಸಿರಲಿ, ಬಟ್ಟೆ ಹತ್ತಿಯದಿರಲಿ. ಯಾರೋ ಹೇಳಿದರು ಅಂತ ಹಾಲು, ಮೊಟ್ಟೆ ಎಲ್ಲ ನಿಲ್ಲಿಸಬೇಡಿ, ಮಗು ಸೊರಗುತ್ತದೆ. ಮದುವೆ, ಹಬ್ಬಕ್ಕೆ "ಕಪ್ಪು ಮೆಹಂದಿ" ಬೇಡ. ಅದಕ್ಕೆ ಕೂದಲ ಡೈಯಲ್ಲಿರುವ ರಾಸಾಯನಿಕ ಬೆರೆಸುವುದುಂಟು, ಬೊಬ್ಬೆ ಏಳುತ್ತದೆ. ಟ್ಯೂಬ್ ಕಳಿಸುವ ಬದಲು ಬಸ್ ಚಾರ್ಜಿಗೆ ದುಡ್ಡು ಕಳಿಸಿ, ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ತೋರಿಸಲು ಹೇಳಿ.

ತಡ ಮಾಡಬೇಡಿ

ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ: ಯುಎಇ 998, ಸೌದಿ 997, ಕತಾರ್ ಮತ್ತು ಬಹ್ರೇನ್ 999, ಕುವೈತ್ 112, ಒಮಾನ್ 9999. ಊರಿನಲ್ಲಾದರೆ 108. ಜ್ವರದ ಜೊತೆ ಇಸುಬಿನ ಮೇಲೆ ಕೀವು ಅಥವಾ ನೋವಿನ ನೀರುಗುಳ್ಳೆಗಳು ಎದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಇಸುಬು ಪೂರ್ತಿ ಹೋಗದೆ ಆಗಾಗ ಬರಬಹುದು. ಅದನ್ನು ಹಿಡಿತದಲ್ಲಿಡಬಹುದು. ಮುಚ್ಚಿಟ್ಟುಕೊಳ್ಳಬೇಡಿ, ಕೈ ಚೆನ್ನಾಗಿದ್ದರೆ ತಾನೆ ಕೆಲಸ?